ಒಂದು ವರ್ಷ, ನೂರು ಹೆಣ್ಣುಮಕ್ಕಳು: ಗರ್ಭನಿರೋಧಕಗಳನ್ನು ಎಷ್ಟು ನಂಬಬಹುದು?

ಕಾಂಡೋಮ್ ಸರಿಯಾಗಿ ಬಳಸಿದರೆ ಶೇ 98ರಷ್ಟು ಪರಿಣಾಮಕಾರಿ ಎಂದು ಪುಸ್ತಕಗಳು ಹೇಳುತ್ತವೆ. ಹೊಸದಾಗಿ ಮದುವೆಯಾದವರು ಈ ಮಾತನ್ನು ಎರಡು ಬಗೆಯಲ್ಲಿ ತಪ್ಪಾಗಿ ತಿಳಿಯಬಹುದು. ನೂರು ಸಲ ಕೂಡಿದರೆ ಎರಡು ಸಲ ಗರ್ಭ ನಿಲ್ಲುತ್ತದೆ ಎಂದು ಹೆದರುವುದು ಒಂದು. ನೂರಕ್ಕೆ ತೊಂಬತ್ತೆಂಟು ಎಂದರೆ ಹೆಚ್ಚುಕಡಿಮೆ ನೂರೇ, ಇನ್ನು ಚಿಂತೆಯಿಲ್ಲ ಎಂದು ಸುಮ್ಮನಾಗುವುದು ಇನ್ನೊಂದು. ಎರಡೂ ಸರಿಯಲ್ಲ. ಗರ್ಭನಿರೋಧಕಗಳ ಬಗ್ಗೆ ವೈದ್ಯರು ಹೇಳುವ ಅಂಕಿ ಒಂದು ಕೂಟಕ್ಕೆ ಸಂಬಂಧಿಸಿದ್ದಲ್ಲ. ನೂರು ಹೆಣ್ಣುಮಕ್ಕಳು ಆ ವಿಧಾನವನ್ನು ಒಂದು ವರ್ಷ ಬಳಸಿದರೆ ಅವರಲ್ಲಿ ಎಷ್ಟು ಮಂದಿ ಬಸಿರಾಗುತ್ತಾರೆ ಎಂಬ ಲೆಕ್ಕ ಅದು.

ಹಾಗಾದರೆ ಏನನ್ನೂ ಬಳಸದಿದ್ದರೆ? ನೂರು ಮಂದಿಯಲ್ಲಿ ಸುಮಾರು 85 ಮಂದಿ ವರ್ಷದೊಳಗೆ ಗರ್ಭಿಣಿಯರಾಗುತ್ತಾರೆ. ಉಳಿದ ಎಲ್ಲ ಅಂಕಿಗಳನ್ನೂ ಈ 85ರ ಪಕ್ಕದಲ್ಲಿಟ್ಟು ನೋಡಬೇಕು. ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಸರಾಸರಿ ಶೇ 15 ಎಂದಿಟ್ಟುಕೊಂಡರೂ, ಹನ್ನೆರಡು ತಿಂಗಳಲ್ಲಿ ಅದು ಒಟ್ಟುಗೂಡಿ 85ರ ಆಸುಪಾಸಿಗೆ ಬರುತ್ತದೆ. ಎರಡು ಮೂರು ತಿಂಗಳು ಏನೂ ಆಗಲಿಲ್ಲವೆಂದು ‘ನಮಗೆ ಅಷ್ಟು ಸುಲಭವಾಗಿ ಆಗುವುದಿಲ್ಲ’ ಎಂಬ ತೀರ್ಮಾನಕ್ಕೆ ಬರುವವರು ಮೋಸಹೋಗುವುದು ಇಲ್ಲಿಯೇ. ಸಣ್ಣ ಅಪಾಯ ತಿಂಗಳು ತಿಂಗಳೂ ಮರುಕಳಿಸಿದರೆ ಸಣ್ಣದಾಗಿ ಉಳಿಯುವುದಿಲ್ಲ.

ಆರು ದಿನಗಳ ಕಿಟಕಿ

ಅಂಡಾಶಯದಿಂದ ಹೊರಬಂದ ಅಂಡಾಣು ಬದುಕುವುದು ಹೆಚ್ಚೆಂದರೆ ಒಂದು ದಿನ. ವೀರ್ಯಾಣು ಹಾಗಲ್ಲ. ಅನುಕೂಲಕರ ಲೋಳೆ ಸಿಕ್ಕರೆ ಹೆಣ್ಣಿನ ದೇಹದೊಳಗೆ ಐದು ದಿನಗಳವರೆಗೂ ಜೀವ ಹಿಡಿದಿರಬಲ್ಲದು. ಆದ್ದರಿಂದ ಅಂಡೋತ್ಪತ್ತಿಯ ದಿನ ಮತ್ತು ಅದಕ್ಕೆ ಹಿಂದಿನ ಐದು ದಿನ, ಒಟ್ಟು ಆರು ದಿನಗಳಲ್ಲಿ ಕೂಡಿದರೆ ಗರ್ಭ ನಿಲ್ಲಬಹುದು. ಅಮೆರಿಕದ ಅಲೆನ್ ವಿಲ್ಕಾಕ್ಸ್ ಮತ್ತು ಸಂಗಡಿಗರು 221 ಮಹಿಳೆಯರನ್ನು ಗಮನಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಖಚಿತಪಡಿಸಿತು. ಅಂಡೋತ್ಪತ್ತಿಗೆ ಐದು ದಿನ ಮೊದಲು ಗರ್ಭ ನಿಲ್ಲುವ ಸಾಧ್ಯತೆ ಹತ್ತರಲ್ಲಿ ಒಂದು. ಅಂಡೋತ್ಪತ್ತಿಯ ದಿನ ಅದು ಮೂರರಲ್ಲಿ ಒಂದು.

ತಿಂಗಳಿಗೆ ಆರೇ ದಿನ ಎಂದಾದರೆ ಆ ಆರು ದಿನ ದೂರವಿದ್ದರೆ ಸಾಕಲ್ಲ? ಜಪಾನಿನ ಕ್ಯೂಸಾಕು ಓಗಿನೊ ಮತ್ತು ಆಸ್ಟ್ರಿಯದ ಹರ್ಮನ್ ಕ್ನೌಸ್ 1920ರ ದಶಕದಲ್ಲಿ ಮಾಡಿದ ಸಂಶೋಧನೆಯ ಮೇಲೆ ‘ಸುರಕ್ಷಿತ ದಿನಗಳ’ ವಿಧಾನ ಬೆಳೆದದ್ದು ಹೀಗೆಯೇ. ತೊಡಕು ಇರುವುದು ಆ ಆರು ದಿನ ಯಾವುವು ಎಂದು ಮೊದಲೇ ತಿಳಿಯುವುದರಲ್ಲಿ. ಅಂಡೋತ್ಪತ್ತಿ ನಡೆಯುವುದು ಮುಂದಿನ ಮುಟ್ಟಿಗೆ ಸುಮಾರು ಹದಿನಾಲ್ಕು ದಿನ ಮೊದಲು. ಮುಂದಿನ ಮುಟ್ಟು ಯಾವಾಗ ಎಂದು ದೇಹ ಮುಂಗಡವಾಗಿ ಹೇಳುವುದಿಲ್ಲ. 28 ದಿನಗಳ ಚಕ್ರದವಳಿಗೆ 14ನೇ ದಿನ ಅಂಡೋತ್ಪತ್ತಿಯಾದರೆ, 35 ದಿನಗಳ ಚಕ್ರದವಳಿಗೆ 21ನೇ ದಿನ. ಜ್ವರ, ನಿದ್ದೆಗೆಟ್ಟ ದಿನಗಳು, ಹೆರಿಗೆಯ ನಂತರದ ತಿಂಗಳುಗಳು ಎಲ್ಲವೂ ಈ ದಿನಾಂಕವನ್ನು ಅತ್ತಿತ್ತ ತಳ್ಳಬಲ್ಲವು.

ರಾಮನಗರದ ಮಣಿಸರ

ಈ ವಿಧಾನದ ದೊಡ್ಡ ಪರೀಕ್ಷೆಯೊಂದು ನಡೆದದ್ದು ನಮ್ಮ ರಾಮನಗರದಲ್ಲೇ. ಮೈಸೂರು ಸಂಸ್ಥಾನಕ್ಕೆ ಕುಟುಂಬ ಯೋಜನೆ ಹೊಸದಾಗಿರಲಿಲ್ಲ. 1930ರಲ್ಲೇ ಅಲ್ಲಿನ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಜನನ ನಿಯಂತ್ರಣ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತ್ತು. ಸ್ವಾತಂತ್ರ್ಯ ಬಂದ ಮೇಲೆ ಕೇಂದ್ರದ ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಅವರ ಕೋರಿಕೆಯಂತೆ ವಿಶ್ವ ಆರೋಗ್ಯ ಸಂಸ್ಥೆ ಡಾ. ಅಬ್ರಹಾಂ ಸ್ಟೋನ್ ಎಂಬ ಅಮೆರಿಕದ ತಜ್ಞರನ್ನು ಭಾರತಕ್ಕೆ ಕಳಿಸಿತು. 1950ರ ದಶಕದ ಆರಂಭದಲ್ಲಿ ದೆಹಲಿಯ ಲೋಧಿ ಕಾಲೊನಿ ಮತ್ತು ರಾಮನಗರಗಳಲ್ಲಿ ಸುರಕ್ಷಿತ ದಿನಗಳ ವಿಧಾನವನ್ನು ಪ್ರಯೋಗಿಸಿ ನೋಡಲಾಯಿತು. ಕ್ಯಾಲೆಂಡರ್ ಓದಲು ಬಾರದ ಹೆಂಗಸರಿಗಾಗಿ ಬಣ್ಣಬಣ್ಣದ ಮಣಿಗಳ ಸರ ಮಾಡಿಕೊಟ್ಟರು. ದಿನಕ್ಕೊಂದು ಮಣಿ ಸರಿಸಬೇಕು. ಅಪಾಯದ ದಿನಗಳ ಮಣಿಗೆ ಒಂದು ಬಣ್ಣ, ಉಳಿದ ದಿನಗಳಿಗೆ ಬೇರೆ ಬಣ್ಣ.

ಬೇಕು ಎಂದು ಮುಂದೆ ಬಂದವರು ಬಹಳ ಮಂದಿ. ಕೊನೆಯವರೆಗೂ ಪಾಲಿಸಿದವರು ಕೆಲವೇ ಮಂದಿ. ಎಷ್ಟೋ ಹೆಂಗಸರ ಮುಟ್ಟಿನ ಚಕ್ರ ಮಣಿಸರಕ್ಕೆ ಹೊಂದುವಷ್ಟು ನಿಯತವಾಗಿರಲಿಲ್ಲ. ಮಣಿ ಸರಿಸಲು ಮರೆತವರಿದ್ದರು. ಇಷ್ಟರ ಮೇಲೆ, ಈ ದಿನ ಬೇಡ ಎಂದು ಹೆಂಡತಿ ಹೇಳಿದರೆ ಗಂಡ ಕೇಳಬೇಕು. ಜೀವವಿಜ್ಞಾನದ ತಿಳಿವಳಿಕೆಯಲ್ಲಿ ದೋಷವಿರಲಿಲ್ಲ. ದಿನವೂ ನೆನಪಿಡುವುದು, ಇಬ್ಬರೂ ಒಪ್ಪುವುದು, ದೇಹ ನಿಯಮಕ್ಕೆ ಬದ್ಧವಾಗಿರುವುದು – ಮೂರನ್ನೂ ಆ ವಿಧಾನ ಒಟ್ಟಿಗೆ ಬೇಡುತ್ತಿತ್ತು. ಮೂರೂ ಕೂಡಿಬರುವುದು ಅಪರೂಪ.

ಅರ್ಧ ಶತಮಾನದ ನಂತರ ಅದೇ ಮಣಿಸರ ಸುಧಾರಿಸಿದ ರೂಪದಲ್ಲಿ ಮರಳಿ ಬಂದಿದೆ. ಚಕ್ರ ಪ್ರತಿ ತಿಂಗಳೂ 26ರಿಂದ 32 ದಿನಗಳೊಳಗೆ ಇರುವವರು ಮಾತ್ರ ಅದನ್ನು ಬಳಸಬೇಕು. 8ರಿಂದ 19ನೇ ದಿನದವರೆಗೆ, ಅಂದರೆ ಆರಲ್ಲ, ಹನ್ನೆರಡು ದಿನ ದೂರವಿರಬೇಕು. ಚಾಚೂ ತಪ್ಪದೆ ಪಾಲಿಸಿದವರಲ್ಲಿ ವರ್ಷಕ್ಕೆ ನೂರರಲ್ಲಿ 5 ಮಂದಿ, ಸಾಮಾನ್ಯ ಬಳಕೆಯಲ್ಲಿ 12 ಮಂದಿ ಬಸಿರಾಗುತ್ತಾರೆ. ಮುಟ್ಟಿನ ದಿನಾಂಕ ಬರೆದಿಟ್ಟು ಸರಾಸರಿ ಹೇಳುವ ಮೊಬೈಲ್ ಆ್ಯಪ್‌ಗಳಿಗೂ ಈ ಮಿತಿ ತಪ್ಪಿದ್ದಲ್ಲ. ಅವುಗಳಿಗೆ ಗೊತ್ತಿರುವುದು ಕಳೆದ ತಿಂಗಳುಗಳ ಕಥೆ ಮಾತ್ರ.

ಎರಡು ಅಂಕಿಗಳ ನಡುವಿನ ಅಂತರ

ಗರ್ಭನಿರೋಧಕಗಳನ್ನು ಅಳೆಯಲು ಮೊದಲ ಮಾಪನ ಕೊಟ್ಟವರು ಅಮೆರಿಕದ ಜೀವವಿಜ್ಞಾನಿ ರೇಮಂಡ್ ಪರ್ಲ್, ವರ್ಷ 1933. ಇನ್ನೂರು ಹೆಂಗಸರನ್ನು ಒಂದೊಂದು ವರ್ಷ ಗಮನಿಸಿದಾಗ ಹತ್ತು ಮಂದಿ ಗರ್ಭಿಣಿಯರಾದರೆ ಆ ವಿಧಾನದ ಪರ್ಲ್ ಸೂಚ್ಯಂಕ 5. ಲೆಕ್ಕ ಸರಳ, ಆದರೆ ಅದರಲ್ಲೊಂದು ಕೊರತೆಯಿದೆ. ಬೇಗ ಬಸಿರಾಗುವವರು, ಮರೆಗುಳಿಗಳು ಮೊದಲ ತಿಂಗಳುಗಳಲ್ಲೇ ಅಧ್ಯಯನದಿಂದ ಹೊರಬೀಳುತ್ತಾರೆ. ಉಳಿಯುವವರು ಎಚ್ಚರಿಕೆಯವರು ಅಥವಾ ಗರ್ಭ ನಿಲ್ಲುವುದು ಕಷ್ಟವಿರುವವರು. ಹಾಗಾಗಿ ಅಧ್ಯಯನ ಎಷ್ಟು ದೀರ್ಘವಾದರೆ ಸೂಚ್ಯಂಕ ಅಷ್ಟು ಇಳಿದು, ವಿಧಾನ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಇದನ್ನು ತಪ್ಪಿಸಲು ಸಂಶೋಧಕರು ಈಗ ತಿಂಗಳು ತಿಂಗಳಿಗೂ ಬೇರೆಯಾಗಿ ಲೆಕ್ಕ ಹಾಕಿ ಮೊದಲ ವರ್ಷದ ಅಂಕಿ ಕೊಡುತ್ತಾರೆ. ಅದರಲ್ಲೂ ಎರಡು ಅಂಕಿ: ಪ್ರತಿಸಲವೂ ತಪ್ಪಿಲ್ಲದೆ ಬಳಸಿದರೆ ಎಷ್ಟು, ನಿಜಜೀವನದಲ್ಲಿ ಜನ ಬಳಸುವಂತೆ ಬಳಸಿದರೆ ಎಷ್ಟು.

ಅಮೆರಿಕದ ದತ್ತಾಂಶದಿಂದ ಬಂದ, ಜಗತ್ತಿನ ಉದ್ದಗಲಕ್ಕೂ ವೈದ್ಯರು ಉಲ್ಲೇಖಿಸುವ ಅಂಕಿಗಳು ಹೀಗಿವೆ. ಸ್ಖಲನಕ್ಕೆ ಮೊದಲೇ ಹೊರತೆಗೆಯುವ ವಿಧಾನ: ತಪ್ಪಿಲ್ಲದೆ ಮಾಡಿದರೆ ವರ್ಷಕ್ಕೆ ನೂರರಲ್ಲಿ 4, ಸಾಮಾನ್ಯವಾಗಿ 20. ಕಾಂಡೋಮ್: 2 ಮತ್ತು 13. ದಿನವೂ ನುಂಗುವ ಹಾರ್ಮೋನ್ ಮಾತ್ರೆ: 0.3 ಮತ್ತು 7. ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದು: 0.2 ಮತ್ತು 4. ಕಾಪರ್ ಟಿ, ಅಂದರೆ ನಮ್ಮ ಹಳ್ಳಿಗಳಲ್ಲಿ ವಂಕಿ ಎನ್ನುವ ಸಾಧನ: 0.6 ಮತ್ತು 0.8. ಹೆಂಗಸರ ಸಂತಾನಹರಣ ಶಸ್ತ್ರಚಿಕಿತ್ಸೆ: ಎರಡೂ 0.5. ಗಂಡಸರ ಶಸ್ತ್ರಚಿಕಿತ್ಸೆ ವಾಸೆಕ್ಟಮಿ: 0.1 ಮತ್ತು 0.15. ತೋಳಿನ ಚರ್ಮದಡಿ ಇಡುವ ಇಂಪ್ಲಾಂಟ್: ಎರಡೂ 0.1.

ಈ ಪಟ್ಟಿಯಲ್ಲಿ ಕಣ್ಣಿಟ್ಟು ನೋಡಬೇಕಾದದ್ದು ಎರಡು ಅಂಕಿಗಳ ನಡುವಿನ ಅಂತರವನ್ನು. ಮಾತ್ರೆಯಲ್ಲಿ ಆ ಅಂತರ ಇಪ್ಪತ್ತು ಪಟ್ಟಿಗೂ ಹೆಚ್ಚು. ಕಾಪರ್ ಟಿಯಲ್ಲಿ ಅಂತರವೇ ಇಲ್ಲವೆನ್ನಬಹುದು. ಮಾತ್ರೆ ವರ್ಷಕ್ಕೆ ನೂರಾರು ಸಲ ನೆನಪನ್ನು ಬೇಡುತ್ತದೆ. ಕಾಪರ್ ಟಿ ಒಮ್ಮೆ ಹಾಕಿಸಿಕೊಂಡ ಮೇಲೆ ಏನನ್ನೂ ಬೇಡುವುದಿಲ್ಲ. ದಿನನಿತ್ಯದ ಬದುಕಿನಿಂದ ಕಡಿಮೆ ಬೇಡುವ ವಿಧಾನವೇ ಹೆಚ್ಚು ನಂಬಿಕಸ್ತ ವಿಧಾನ. ಈ ಅಧ್ಯಾಯದಲ್ಲಿ ನೆನಪಿಡಬೇಕಾದ ಮಾತು ಒಂದೇ ಎಂದಾದರೆ ಅದು ಇದೇ.

ಎಲ್ಲಿ ಎಡವುತ್ತೇವೆ?

ಕಾಂಡೋಮ್ ಹರಿದು ಹೋಗುವುದು ಜನ ಅಂದುಕೊಂಡಷ್ಟು ಸಾಮಾನ್ಯವಲ್ಲ. ‘ಇವತ್ತೊಂದು ದಿನ ಬೇಡ’ ಎನ್ನುವುದೇ ಅದರ ದೊಡ್ಡ ಸೋಲು. ನಡುವೆ ತೊಡುವುದು, ತಡವಾಗಿ ತೆಗೆಯುವುದು ನಂತರದವು. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಮೊದಲಾದ ಜಿಡ್ಡು ಲೇಟೆಕ್ಸ್ ರಬ್ಬರನ್ನು ದುರ್ಬಲಗೊಳಿಸುತ್ತದೆ. ಬಿಸಿಲಿಗೆ ಕಾದ ವಾಹನದಲ್ಲಿ, ಪರ್ಸಿನ ಮಡಿಕೆಯಲ್ಲಿ ತಿಂಗಳುಗಟ್ಟಲೆ ಇಟ್ಟದ್ದೂ ಬೇಡ. ಹಾಗಿದ್ದರೂ ಎಚ್‌ಐವಿ ಮತ್ತು ಇತರ ಲೈಂಗಿಕ ರೋಗಗಳಿಂದ ಕಾಪಾಡುವ ಕೆಲಸವನ್ನೂ ಮಾಡುವುದು ಮೇಲಿನ ಪಟ್ಟಿಯಲ್ಲಿ ಕಾಂಡೋಮ್ ಒಂದೇ.

ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುವ ಮಾಲಾ-ಎನ್ ಪಟ್ಟಿಯಲ್ಲಿ 21 ಹಾರ್ಮೋನ್ ಮಾತ್ರೆಗಳೂ 7 ಕಬ್ಬಿಣಾಂಶದ ಮಾತ್ರೆಗಳೂ ಇರುತ್ತವೆ. ಕಬ್ಬಿಣದ ಮಾತ್ರೆ ತಪ್ಪಿದರೆ ಗರ್ಭದ ಅಪಾಯವಿಲ್ಲ. ಆದರೆ ಆ ಏಳು ದಿನ ಮುಗಿದ ಮೇಲೆ ಹೊಸ ಪಟ್ಟಿ ತಡವಾಗಿ ಆರಂಭಿಸುವುದು ಎಲ್ಲಕ್ಕಿಂತ ಅಪಾಯಕಾರಿ. ಹಾರ್ಮೋನ್ ಇಲ್ಲದ ದಿನಗಳು ಬೆಳೆದಷ್ಟೂ ಅಂಡಾಶಯ ಎಚ್ಚರಗೊಳ್ಳುತ್ತದೆ. ಒಂದು ಮಾತ್ರೆ ಮರೆತರೆ ನೆನಪಾದ ಕೂಡಲೇ ನುಂಗಿ ಮುಂದುವರಿಸಬೇಕು. ಎರಡು ಮೂರು ದಿನ ತಪ್ಪಿದರೆ ಮುಂದಿನ ಏಳು ದಿನ ಕಾಂಡೋಮ್ ಜೊತೆಗಿರಬೇಕು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಮೂರ್ಛೆರೋಗಕ್ಕೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಔಷಧಗಳು ಮಾತ್ರೆಯ ಬಲವನ್ನು ಕುಗ್ಗಿಸುತ್ತವೆ. ಕ್ಷಯರೋಗ ಇಷ್ಟು ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಈ ವಿಷಯ ಪ್ರತಿ ಹೆಣ್ಣುಮಗಳಿಗೂ ಗೊತ್ತಿರಬೇಕು. ರಕ್ತದೊತ್ತಡ, ರಕ್ತ ಹೆಪ್ಪುಗಟ್ಟಿದ ಇತಿಹಾಸ, ಕೆಲವು ಬಗೆಯ ಮೈಗ್ರೇನ್ ಇದ್ದವರು ವೈದ್ಯರನ್ನು ಕೇಳದೆ ಈ ಮಾತ್ರೆ ಶುರುಮಾಡಬಾರದು.

ದಿನವೂ ನೆನಪಿಡುವ ಭಾರ ಇಳಿಸುವ ಮಾತ್ರೆಯೊಂದು ನಮ್ಮ ದೇಶದಲ್ಲೇ ಹುಟ್ಟಿದೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ, ಸ್ಟಿರಾಯ್ಡ್ ಅಲ್ಲದ ಆರ್ಮೆಲಾಕ್ಸಿಫೀನ್ 1991ರಲ್ಲಿ ‘ಸಹೇಲಿ’ ಎಂಬ ಹೆಸರಲ್ಲಿ ಮಾರುಕಟ್ಟೆಗೆ ಬಂತು. ಸರ್ಕಾರಿ ಕೇಂದ್ರಗಳಲ್ಲಿ ಅದೇ ‘ಛಾಯಾ’. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು. ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದಿಗೆ ಸರ್ಕಾರಿ ಕಾರ್ಯಕ್ರಮದಲ್ಲಿ ‘ಅಂತರಾ’ ಎಂದು ಹೆಸರು. ಅದನ್ನು ನಿಲ್ಲಿಸಿದ ಮೇಲೆ ಗರ್ಭ ನಿಲ್ಲಲು ಕೆಲವು ತಿಂಗಳು ತಡವಾಗಬಹುದು. ಬೇಗ ಮಗು ಬಯಸುವವರು ಇದನ್ನು ಮೊದಲೇ ತಿಳಿದಿರಬೇಕು.

ಹಾಲೂಡಿಸುವ ಬಾಣಂತಿಗೆ ಗರ್ಭ ನಿಲ್ಲುವುದಿಲ್ಲ ಎಂಬ ನಂಬಿಕೆಯಲ್ಲಿ ಸತ್ಯಾಂಶವಿದೆ, ಆದರೆ ಮೂರು ಷರತ್ತುಗಳಿಗೆ ಒಳಪಟ್ಟು. ಮಗುವಿಗೆ ಆರು ತಿಂಗಳು ತುಂಬಿರಬಾರದು. ಹಗಲೂ ರಾತ್ರಿ ಎದೆಹಾಲು ಮಾತ್ರ ಕೊಡುತ್ತಿರಬೇಕು. ಮುಟ್ಟು ಮರಳಿರಬಾರದು. ಮೂರೂ ಇದ್ದರೆ ಅಪಾಯ ನೂರರಲ್ಲಿ ಎರಡಕ್ಕಿಂತ ಕಡಿಮೆ. ಒಂದು ತಪ್ಪಿದರೂ ಆ ರಕ್ಷಣೆಯನ್ನು ನಂಬುವಂತಿಲ್ಲ. ಮೊದಲ ಮುಟ್ಟಿಗೂ ಮುಂಚೆಯೇ ಅಂಡೋತ್ಪತ್ತಿ ಆಗಬಹುದಾದ್ದರಿಂದ ಮುಟ್ಟು ಬರಲಿ, ಆಮೇಲೆ ನೋಡೋಣ ಎಂದು ಕಾದ ಬಾಣಂತಿ ಮುಟ್ಟನ್ನೇ ಕಾಣದೆ ಮತ್ತೆ ಬಸಿರಾಗಬಹುದು.

ಇನ್ನು ತುರ್ತು ಮಾತ್ರೆ. 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಇರುವ ಈ ಮಾತ್ರೆಯನ್ನು ವೈದ್ಯರ ಚೀಟಿಯಿಲ್ಲದೆಯೇ ಕೊಳ್ಳಬಹುದು. 72 ಗಂಟೆಯೊಳಗೆ ಎನ್ನುವುದು ಗಡುವು. ಬೇಗ ನುಂಗಿದಷ್ಟೂ ಒಳ್ಳೆಯದು. ಅದು ಅಂಡೋತ್ಪತ್ತಿಯನ್ನು ಮುಂದೂಡಿ ಕೆಲಸ ಮಾಡುತ್ತದೆ. ಅಂಡಾಣು ಆಗಲೇ ಹೊರಬಂದಿದ್ದರೆ ಅದರಿಂದ ಉಪಯೋಗವಾಗದು. ನಿಂತ ಗರ್ಭವನ್ನು ಅದು ತೆಗೆಯುವುದೂ ಇಲ್ಲ. ತಿಂಗಳು ತಿಂಗಳೂ ಇದನ್ನೇ ನೆಚ್ಚಿಕೊಳ್ಳುವುದಕ್ಕಿಂತ ಸಾಮಾನ್ಯ ಮಾತ್ರೆ ಎಷ್ಟೋ ಹೆಚ್ಚು ನಂಬಿಕಸ್ತ. ಐದು ದಿನದೊಳಗೆ ಕಾಪರ್ ಟಿ ಹಾಕಿಸಿಕೊಂಡರೆ ತುರ್ತು ಮಾತ್ರೆಗಿಂತ ಬಲವಾದ ರಕ್ಷಣೆ ಸಿಗುತ್ತದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ.

ವರ್ಷಗಳು ಸೇರಿದಾಗ

ಮೊದಲ ಮಗುವಿಗೂ ಎರಡನೆಯದಕ್ಕೂ ಐದು ವರ್ಷ ಅಂತರ ಬೇಕೆನ್ನುವ ದಂಪತಿ ಒಂದು ವರ್ಷದ ಅಂಕಿ ನೋಡಿ ತೀರ್ಮಾನಿಸಿದರೆ ಸಾಲದು. ವರ್ಷಕ್ಕೆ ಶೇ 13 ಎಂಬ ಅಪಾಯ ಹಾಗೆಯೇ ಮುಂದುವರಿದರೆ ಐದು ವರ್ಷದಲ್ಲಿ ನೂರರಲ್ಲಿ ಐವತ್ತು ಮಂದಿಗೆ ಗರ್ಭ ನಿಂತಿರುತ್ತದೆ. ಶೇ 7 ಆದರೆ ಮೂವತ್ತು. ಶೇ 0.8 ಆದರೆ ನಾಲ್ಕು. ಅಭ್ಯಾಸ ಕುದುರಿದಂತೆ ತಪ್ಪುಗಳು ಕಡಿಮೆಯಾಗುವುದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಸ್ವಲ್ಪ ಕಡಿಮೆಯಿರುತ್ತದೆ. ಆದರೆ ವಿಧಾನಗಳ ನಡುವಿನ ಅಂತರ ವರ್ಷ ಕಳೆದಂತೆ ಹಿಗ್ಗುತ್ತಲೇ ಹೋಗುತ್ತದೆ. ಎರಡು ವಿಧಾನಗಳನ್ನು ಜೊತೆಗೆ ಬಳಸಿದರೆ ಲೆಕ್ಕ ಇನ್ನೊಂದು ದಿಕ್ಕಿಗೆ ತಿರುಗುತ್ತದೆ: ಮಾತ್ರೆಯೂ ಕಾಂಡೋಮೂ ಒಟ್ಟಿಗೇ ಕೈಕೊಡುವುದು ಬಹಳ ವಿರಳ.

ಆಪರೇಷನ್ ಕೂಡ ಶೂನ್ಯ ಅಪಾಯದ್ದಲ್ಲ. ಅಮೆರಿಕದಲ್ಲಿ 10,685 ಮಹಿಳೆಯರನ್ನು ವರ್ಷಗಟ್ಟಲೆ ಗಮನಿಸಿ 1996ರಲ್ಲಿ ಪ್ರಕಟಿಸಿದ ಕ್ರೆಸ್ಟ್ ಅಧ್ಯಯನದ ಪ್ರಕಾರ ಹತ್ತು ವರ್ಷಗಳಲ್ಲಿ ಸಾವಿರಕ್ಕೆ 18.5 ಮಂದಿಗೆ ಗರ್ಭ ನಿಂತಿತ್ತು. ಹೆರಿಗೆಯಾದ ಕೂಡಲೇ ಅಂಡನಾಳದ ತುಂಡು ಕತ್ತರಿಸಿ ತೆಗೆದವರಲ್ಲಿ ಅದು 7.5 ಮಾತ್ರ, ಒಂದು ಬಗೆಯ ಕ್ಲಿಪ್ ಹಾಕಿದವರಲ್ಲಿ 36.5. ಕತ್ತರಿಸಿದ ನಾಳಗಳ ತುದಿಗಳು ವರ್ಷಗಳ ನಂತರ ತಾವಾಗಿಯೇ ಕೂಡಿಕೊಳ್ಳಬಹುದು. ಹೀಗೆ ನಿಂತ ಗರ್ಭಗಳಲ್ಲಿ ಮೂರನೇ ಒಂದು ಭಾಗ ಗರ್ಭಾಶಯದ ಹೊರಗೆ, ಹೆಚ್ಚಾಗಿ ನಾಳದಲ್ಲೇ ಬೆಳೆದದ್ದು. ನಾಳ ಒಡೆದರೆ ಪ್ರಾಣಕ್ಕೇ ಅಪಾಯ. ಆದ್ದರಿಂದ ಆಪರೇಷನ್ ಆದವರಿಗೂ ಮುಟ್ಟು ತಪ್ಪಿದರೆ ಪರೀಕ್ಷೆ ಮಾಡಿಸಬೇಕು. ಕಿಬ್ಬೊಟ್ಟೆಯಲ್ಲಿ ತೀವ್ರ ನೋವು ಬಂದರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಆಪರೇಷನ್ ಆದ ಹೆಂಗಸು ಬಸಿರಾದಳೆಂದರೆ ಊರಿನ ಬಾಯಿ ಮೊದಲು ತಿರುಗುವುದು ಅವಳ ಕಡೆಗೆ. ಸಂಶಯ, ಜಗಳ, ಕೆಲವೊಮ್ಮೆ ಹೊಡೆತ. ಸಾವಿರಕ್ಕೆ ಹದಿನೆಂಟು ಎಂಬ ಸಂಖ್ಯೆ ಪ್ರತಿ ಮನೆಗೂ ತಲುಪಬೇಕಾದದ್ದು ಈ ಕಾರಣಕ್ಕೆ. ಇದು ದೇಹದ ಗುಣ, ಹೆಣ್ಣಿನ ನಡತೆಯ ಪ್ರಶ್ನೆಯಲ್ಲ. ಕಾನೂನು ಕೂಡ ಗರ್ಭನಿರೋಧಕ ಸೋಲಬಹುದೆಂದು ಒಪ್ಪಿಕೊಂಡಿದೆ. ಅಂಥ ಗರ್ಭವನ್ನು 20 ವಾರಗಳೊಳಗೆ ತೆಗೆಸಿಕೊಳ್ಳಲು ವೈದ್ಯಕೀಯ ಗರ್ಭಪಾತ ಕಾಯ್ದೆ ಅವಕಾಶ ಕೊಡುತ್ತದೆ. 2021ರ ತಿದ್ದುಪಡಿಯ ನಂತರ ಮದುವೆಯಾಗದ ಮಹಿಳೆಯರಿಗೂ ಈ ಹಕ್ಕು ಇದೆ.

ಎಲ್ಲಕ್ಕಿಂತ ಸರಳ, ಎಲ್ಲಕ್ಕಿಂತ ಅಪರೂಪ

ಇನ್ನು ಮಕ್ಕಳು ಬೇಡವೆಂದು ನಿಶ್ಚಯಿಸಿದವರಿಗೆ ವಾಸೆಕ್ಟಮಿಯಷ್ಟು ಸರಳವಾದ, ನಂಬಿಕಸ್ತವಾದ ಶಸ್ತ್ರಚಿಕಿತ್ಸೆ ಇನ್ನೊಂದಿಲ್ಲ. ಹೊಟ್ಟೆ ತೆರೆಯುವ ಪ್ರಶ್ನೆಯಿಲ್ಲ. ಆ ಜಾಗಕ್ಕಷ್ಟೇ ಮರಗಟ್ಟಿಸುವ ಮದ್ದು ಕೊಟ್ಟು, ಸಣ್ಣ ರಂಧ್ರದ ಮೂಲಕ ವೀರ್ಯನಾಳ ಕತ್ತರಿಸುತ್ತಾರೆ. ಅರ್ಧ ಗಂಟೆಯೂ ಬೇಡ. ನಾಳದಲ್ಲಿ ಮೊದಲೇ ಇದ್ದ ವೀರ್ಯಾಣುಗಳು ಖಾಲಿಯಾಗಲು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಬೇರೆ ವಿಧಾನ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಗಂಡಸುತನದ ಹಾರ್ಮೋನ್ ಹರಿಯುವುದು ರಕ್ತದಲ್ಲಿ, ಆ ನಾಳದಲ್ಲಿ ಅಲ್ಲ. ವೀರ್ಯದ್ರವದ ಬಹುಪಾಲು ಬರುವುದೂ ಬೇರೆ ಗ್ರಂಥಿಗಳಿಂದ. ಬಯಕೆಯಾಗಲಿ, ದುಡಿಯುವ ಶಕ್ತಿಯಾಗಲಿ ಕುಂದುವುದಿಲ್ಲ.

ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವುದೇನು? ದೇಶದ ವಿವಾಹಿತ ದಂಪತಿಗಳಲ್ಲಿ ಆಪರೇಷನ್ ಮಾಡಿಸಿಕೊಂಡ ಹೆಂಗಸರು ಶೇ 37.9, ಗಂಡಸರು ಶೇ 0.3. ಕರ್ನಾಟಕದಲ್ಲಂತೂ ಅರ್ಧಕ್ಕಿಂತ ಹೆಚ್ಚು ಹೆಂಗಸರು ಆಪರೇಷನ್ ಆದವರು. ಗಂಡಸರ ಪಾಲು ಸೊನ್ನೆಗೆ ಹತ್ತಿರ. ಇದರ ಹಿಂದೆ ಒಂದು ಗಾಯವಿದೆ. ತುರ್ತುಪರಿಸ್ಥಿತಿಯಲ್ಲಿ, 1976–77ರ ಒಂದೇ ವರ್ಷದಲ್ಲಿ, 80 ಲಕ್ಷಕ್ಕೂ ಹೆಚ್ಚು ಸಂತಾನಹರಣ ಶಸ್ತ್ರಚಿಕಿತ್ಸೆಗಳು ನಡೆದವು. ಅವುಗಳಲ್ಲಿ ಮುಕ್ಕಾಲು ಪಾಲು ಗಂಡಸರದು, ಎಷ್ಟೋ ಬಲವಂತದ್ದು. ಆ ಭಯ ತಲೆಮಾರು ದಾಟಿ ಉಳಿಯಿತು, ಮತ್ತು ಅದರ ಬೆಲೆಯನ್ನು ಹೆಂಗಸರ ದೇಹ ಇಂದಿಗೂ ತೆರುತ್ತಿದೆ. ಬಲವಂತ ತಪ್ಪು, ಆ ತಪ್ಪಿನ ನೆಪದಲ್ಲಿ ಇಡೀ ಹೊಣೆಯನ್ನು ಹೆಣ್ಣಿನ ಮೇಲೆ ಹೊರಿಸುವುದೂ ತಪ್ಪು.

ಎಲ್ಲರಿಗೂ ಹೊಂದುವ ಒಂದು ವಿಧಾನ ಇಲ್ಲ. ಮುಂದಿನ ವರ್ಷವೇ ಮಗು ಬೇಕೆನ್ನುವವರು, ಹಾಲೂಡಿಸುತ್ತಿರುವವರು, ಗಂಡನ ಸಹಕಾರವೇ ಇಲ್ಲದವರು – ಇವರೆಲ್ಲರ ಉತ್ತರ ಬೇರೆ ಬೇರೆ. ಉತ್ತರ ಹುಡುಕುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಎಷ್ಟು ವರ್ಷದ ರಕ್ಷಣೆ ಬೇಕು? ಈ ವಿಧಾನ ದಿನವೂ ನಮ್ಮಿಂದ ಏನು ಬೇಡುತ್ತದೆ? ಅದು ಸೋತರೆ ಮುಂದೇನು? ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಬಗ್ಗೆ ಸಲಹೆ ಉಚಿತವಾಗಿ ಸಿಗುತ್ತದೆ. ಹೆಂಡತಿಯನ್ನು ಒಬ್ಬಳೇ ಕಳಿಸಬೇಡಿ. ಇಬ್ಬರೂ ಹೋಗಿ, ಇಬ್ಬರೂ ಕೇಳಿ, ಇಬ್ಬರೂ ಕೂಡಿ ನಿರ್ಧರಿಸಿ.